ತಣ್ಣಗಿದ್ದಾಗ ಬಗ್ಗುವ ಸರಳು ಕಾದಾಗ ಯಾಕೆ ಬಿರಿಯುತ್ತದೆ?

ಪ್ರಶ್ನೆ: ಸರ್, ನಮ್ಮದು ಸಣ್ಣ ಫೋರ್ಜಿಂಗ್ ಶಾಪ್. ಟ್ರ್ಯಾಕ್ಟರ್ ಟ್ರಾಲಿಯ ಪಿನ್ ಮಾಡುತ್ತೇವೆ. 32 ಎಂಎಂ ಇಎನ್ 8 (ಮಧ್ಯಮ ಕಾರ್ಬನ್ ಉಕ್ಕಿನ ಒಂದು ದರ್ಜೆ) ಸರಳನ್ನು ಆಯಿಲ್ ಫರ್ನೇಸಿನಲ್ಲಿ ಕಾಯಿಸಿ, ತುದಿಯನ್ನು ಬಡಿದು ತಲೆ ಮಾಡುವುದು. ಹೋದ ತಿಂಗಳು ಬಂದ ಲಾಟಿನಲ್ಲಿ ಹತ್ತಕ್ಕೆ ಮೂರು ತಲೆ ಬಿರಿಯುತ್ತಿವೆ. ಅದೇ ಸರಳನ್ನು ತಣ್ಣಗೆ ಬಗ್ಗಿಸಿದರೆ ಏನೂ ಆಗುವುದಿಲ್ಲ. ಲ್ಯಾಬಿನ ರಿಪೋರ್ಟು ಶೇಕಡಾ ಲೆಕ್ಕದಲ್ಲಿ ಹೀಗಿದೆ: ಕಾರ್ಬನ್ 0.40, ಮ್ಯಾಂಗನೀಸ್ 0.72, ಗಂಧಕ 0.034, ತಾಮ್ರ 0.42, ತವರ 0.03, ನಿಕ್ಕಲ್ 0.06. ಇನ್ನೂ ಜಾಸ್ತಿ ಕಾಯಿಸು ಅಂತ ಒಬ್ಬರು, ಮ್ಯಾಂಗನೀಸ್ ಜಾಸ್ತಿ ಇರುವ ಸರಕು ತರಿಸು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಪೂರ್ತಿ ಟೆಸ್ಟ್ ಮಾಡಿಸಿದ್ದು ಒಳ್ಳೆಯದಾಯಿತು. ಕಾರ್ಬನ್ ಒಂದನ್ನೇ ನೋಡಿದ್ದರೆ ಈ ಸರಳಿನಲ್ಲಿ ತಪ್ಪೇ ಸಿಗುತ್ತಿರಲಿಲ್ಲ.

ಮೊದಲು ಮ್ಯಾಂಗನೀಸಿನ ಮಾತು. ಅದರ ಹಿಂದೆ ಇರುವುದು ಗಂಧಕದ ಕಥೆ. ಉಕ್ಕು ಅಂದರೆ ಸಣ್ಣ ಸಣ್ಣ ಹರಳುಗಳು ಅಂಟಿಕೊಂಡು ಆದ ಗಟ್ಟಿ. ಗಂಧಕ ಕಬ್ಬಿಣದ ಜೊತೆ ಸೇರಿ ಈ ಹರಳುಗಳ ಸಂದಿಯಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಆ ಮಿಶ್ರಣ 988 ಡಿಗ್ರಿಗೇ ಕರಗುತ್ತದೆ. ಮಂಡಕ್ಕಿ ಉಂಡೆಯನ್ನು ಬಿಸಿ ಬಾಣಲೆಯ ಮೇಲಿಟ್ಟು ನೋಡಿ. ಮಂಡಕ್ಕಿಗೆ ಏನೂ ಆಗಿರುವುದಿಲ್ಲ, ಬೆಲ್ಲದ ಪಾಕ ಸಡಿಲವಾಗಿ ಉಂಡೆ ಉದುರುತ್ತದೆ. ಕೆಂಪಗೆ ಕಾದ ಉಕ್ಕಿನಲ್ಲೂ ಆಗುವುದು ಇದೇ. ಮ್ಯಾಂಗನೀಸ್ ಇದ್ದರೆ ಗಂಧಕ ಕಬ್ಬಿಣವನ್ನು ಬಿಟ್ಟು ಅದರ ಜೊತೆ ಸೇರುತ್ತದೆ. ಹಾಗೆ ಆದ ಕಣ 1600 ಡಿಗ್ರಿ ದಾಟಿದರೂ ಕರಗುವುದಿಲ್ಲ, ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. 1856ರಲ್ಲಿ ಬ್ರಿಟನ್ನಿನ ಹೆನ್ರಿ ಬೆಸೆಮರ್ ಗಾಳಿ ಊದಿ ಅಗ್ಗವಾಗಿ ಉಕ್ಕು ಮಾಡುವ ದಾರಿ ತೋರಿಸಿದಾಗ, ಬೇರೆಯವರು ಹಾಗೆ ಮಾಡಿದ ಉಕ್ಕು ಬಡಿದರೆ ಬಿರಿಯುತ್ತಿತ್ತು. ಅಲ್ಲಿಯವರೇ ಆದ ಲೋಹತಜ್ಞ ರಾಬರ್ಟ್ ಮುಶೆಟ್ ಮ್ಯಾಂಗನೀಸ್ ಸೇರಿಸಿದ ಮೇಲೆ ದೊಡ್ಡ ತಲೆನೋವು ಕಳೆಯಿತು. ನಮ್ಮ ಸಂಡೂರಿನ ಮ್ಯಾಂಗನೀಸ್ ಅದಿರಿಗೆ ಉಕ್ಕಿನವರೇ ದೊಡ್ಡ ಗಿರಾಕಿಗಳು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಆದರೆ ನಿಮ್ಮ ಸರಳಿನಲ್ಲಿ ಮ್ಯಾಂಗನೀಸ್ ಗಂಧಕದ ಇಪ್ಪತ್ತು ಪಟ್ಟಿಗೂ ಸ್ವಲ್ಪ ಮೇಲಿದೆ. ಅಷ್ಟು ಸಾಕು. ಗಂಧಕವನ್ನು ಬಿಟ್ಟುಬಿಡಿ. ನಿಮ್ಮ ತಲೆಗಳನ್ನು ಒಡೆಯುತ್ತಿರುವುದು ತಾಮ್ರ.

ತಾಮ್ರ 0.42 ಅಂದರೆ ಅಷ್ಟೇನಾ ಅನಿಸಬಹುದು. ಅದು ಇಡೀ ಸರಳಿನ ಲೆಕ್ಕ. ಫರ್ನೇಸಿನೊಳಗೆ ಸರಳಿನ ಮೈ ಸುಟ್ಟು ಸ್ಕೇಲ್, ಅಂದರೆ ತುಕ್ಕಿನಂಥ ಪೊರೆ, ಆಗುತ್ತದೆ. ಸುಡುವುದು ಕಬ್ಬಿಣ, ತಾಮ್ರವಲ್ಲ. ಒಂದು ಕಿಲೋ ಉಕ್ಕು ಸ್ಕೇಲ್ ಆಗಿ ಉದುರಿತು ಅಂದರೆ ಅದರಲ್ಲಿದ್ದ ನಾಲ್ಕು ಗ್ರಾಂ ಚಿಲ್ಲರೆ ತಾಮ್ರ ಎಲ್ಲಿಗೆ ಹೋಗಬೇಕು? ಬಹುಪಾಲು ಸ್ಕೇಲಿನ ಕೆಳಗೇ ಉಳಿದು, ಕೂದಲೆಳೆಗಿಂತ ತೆಳುವಾದ ಪದರದಲ್ಲಿ ಜಮಾ ಆಗುತ್ತದೆ. ಕಾದ ಉಕ್ಕು ಶೇಕಡಾ 8–9ರಷ್ಟು ತಾಮ್ರವನ್ನು ಹೇಗೋ ಒಳಗೆ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ತಾಮ್ರ ಬೇರೆಯಾಗಿ ನಿಲ್ಲುತ್ತದೆ, 1085 ಡಿಗ್ರಿಗೆ ಕರಗಿ ಹರಳುಗಳ ಸಂದಿಗೆ ಇಳಿಯುತ್ತದೆ. ಆಮೇಲೆ ಸುತ್ತಿಗೆಯ ಒಂದು ಏಟು ಸಾಕು. ತವರ ಇದ್ದರೆ ಇನ್ನೂ ಕಷ್ಟ. ಉಕ್ಕು ಹಿಡಿದಿಡುವ ತಾಮ್ರವನ್ನು ಅದು ಕಡಿಮೆ ಮಾಡುತ್ತದೆ, ಕರಗುವ ಬಿಸಿಯನ್ನೂ ಇಳಿಸುತ್ತದೆ. ನಿಕ್ಕಲ್ ಇದಕ್ಕೆ ಉಲ್ಟಾ. ತಾಮ್ರ ಬೇಕೆಂದೇ ಹಾಕಿದ ಉಕ್ಕಿಗೆ ಅದರ ಅರ್ಧದಷ್ಟಾದರೂ ನಿಕ್ಕಲ್ ಸೇರಿಸುವುದು ರೂಢಿ. ನಿಮ್ಮದರಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ ಇದೆ.

ಬಿರಿದ ತಲೆ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗೆ ಮೈಮೇಲೆಲ್ಲ ಸಣ್ಣ ಬಲೆ ಕಾಣುತ್ತಿದ್ದರೆ ತಾಮ್ರವೇ. ಅಡ್ಡಕ್ಕೆ ಕೊಯ್ದು ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸ್ಕೇಲಿನಿಂದ ಒಳಕ್ಕೆ ಇಳಿದ ನಸುಗೆಂಪು ಎಳೆಗಳು ಕಾಣುತ್ತವೆ. ತಾಮ್ರದ ಚೊಂಬಿನದೇ ಬಣ್ಣ! ಮೊದಲ ಸಲ ನೋಡಿದಾಗ ನನಗೂ ನಂಬಿಕೆ ಬಂದಿರಲಿಲ್ಲ.

ಇದು ಬರುವುದು ಗುಜರಿಯಿಂದ. ಮೋಟರ್ ವೈಂಡಿಂಗ್, ವೈರು ಬಿಡಿಸದೆ ಕರಗಿಸಿದರೆ ತಾಮ್ರ ಉಕ್ಕಿಗೆ ಸೇರುತ್ತದೆ. ಆಮೇಲೆ ಊದಿ ಸುಟ್ಟು ತೆಗೆಯೋಣ ಅಂದರೆ ಆಗುವುದಿಲ್ಲ, ಮೊದಲು ಸುಡುವುದು ಕಬ್ಬಿಣವೇ ಅಲ್ವಾ?

ಇನ್ನು, ಜಾಸ್ತಿ ಕಾಯಿಸು ಅಂದವರ ಮಾತು. ಅದು ಪೂರ್ತಿ ಸುಳ್ಳಲ್ಲ. 1200 ದಾಟಿದರೆ ತಾಮ್ರ ಸ್ವಲ್ಪ ಒಳಕ್ಕೆ ಹರಡಿಕೊಂಡು, ಸ್ವಲ್ಪ ಸ್ಕೇಲಿನಲ್ಲೇ ಸಿಕ್ಕಿಕೊಂಡು ಬಿರುಕು ಕಡಿಮೆಯಾಗುವುದುಂಟು. ಆದರೆ ಆಯಿಲ್ ಫರ್ನೇಸಿನಲ್ಲಿ ಅಷ್ಟು ಕಾಯಿಸಿದರೆ ಸ್ಕೇಲ್ ಜಾಸ್ತಿ, ಹರಳು ದಪ್ಪ, ಸುಟ್ಟುಹೋಗುವ ಭಯ ಬೇರೆ. ನಾನಂತೂ ಹೇಳುವುದಿಲ್ಲ. ಅದರ ಬದಲು ಬೇಗ ಕಾಯಿಸಿ ಬೇಗ ಬಡಿಯಿರಿ. ಊಟಕ್ಕೆ ಹೋಗುವಾಗ ಸರಳನ್ನು ಒಳಗೇ ಬಿಡಬೇಡಿ. ಬರ್ನರಿಗೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಕೊಡಬೇಡಿ. ಕರೆಂಟಿನಿಂದ ಕಾಯಿಸುವ ಇಂಡಕ್ಷನ್ ಹೀಟರ್ ಇರುವವರ ಹತ್ತಿರ ಹತ್ತು ತುಂಡು ಬಡಿಸಿ ನೋಡಿ. ಬೇಗ ಕಾಯುವುದರಿಂದ ಸ್ಕೇಲ್ ಕಡಿಮೆ, ಬಿರುಕೂ ಕಡಿಮೆ ಆಗಬೇಕು.

ತೀರಾ ಆರಿದ ಮೇಲೂ ಬಡಿಯಬೇಡಿ. ಸುಮಾರು 700ರಿಂದ 900 ಡಿಗ್ರಿಯ ನಡುವೆ ಉಕ್ಕಿಗೆ ಇನ್ನೊಂದು ಕೆಟ್ಟ ಗಳಿಗೆ ಇದೆ. ನಿಯೋಬಿಯಂ, ಅಲ್ಯೂಮಿನಿಯಂ ಇದ್ದ ಉಕ್ಕಿನಲ್ಲಿ ಅವುಗಳ ಸಣ್ಣ ಕಣಗಳು ಆಗ ಹರಳಿನ ಅಂಚಿನಲ್ಲಿ ಸಾಲುಗಟ್ಟುತ್ತವೆ. ಅದು ಮುಖ್ಯವಾಗಿ ಉಕ್ಕನ್ನು ಎರಕ ಹೊಯ್ದು ನೇರ ಮಾಡುವವರ ತಲೆನೋವು, ನಿಮ್ಮದಲ್ಲ. ಆದರೂ ಮಬ್ಬು ಕೆಂಪಿಗೆ ಬಂದಾಗ ಕೈ ನಿಲ್ಲಿಸಿ.

ಮುಂದಿನ ಆರ್ಡರಿನಲ್ಲಿ ತಾಮ್ರ 0.25, ತವರ 0.02 ದಾಟಬಾರದು ಅಂತ ಬರೆದೇ ಕೊಡಿ. ಲಾಟ್ ಬಂದ ದಿನ ಒಂದು ಪರೀಕ್ಷೆ ಮಾಡಿ. ನಿಮ್ಮ ಸರಳಿನ ವ್ಯಾಸದ ಒಂದೂವರೆ ಪಟ್ಟು ಉದ್ದದ ನಾಲ್ಕು ತುಂಡು ಸಾಕು. ಅವನ್ನು ಕಾಯಿಸಿ, ಮೂರನೇ ಒಂದು ಭಾಗದ ಎತ್ತರಕ್ಕೆ ಚಪ್ಪಟೆ ಮಾಡಿ ಅಂಚು ನೋಡಿ. ಈಗ ಉಳಿದಿರುವ ಸರಳನ್ನು ಎಸೆಯಬೇಡಿ. ತಣ್ಣಗೆ ಅದಕ್ಕೆ ಯಾವ ದೋಷವೂ ಇಲ್ಲ. ತಲೆ ಬಡಿಯದೆ ಲೇತಿನಲ್ಲೇ ಮುಗಿಯುವ ಪಿನ್ನುಗಳಿಗೆ ಬಳಸಿ.