ಲಿಯೊನ್‌ಬರ್ಗ್‌ನಿಂದ ಡೀಸೆಲ್ ಕಾರಿನ ಬಗ್ಗೆ ಕೇಳಿದ ತಮ್ಮನಿಗೆ

ನಮಸ್ಕಾರ. ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅದಕ್ಕೆ ಸ್ವಲ್ಪ ಸಲಿಗೆಯಿಂದಲೇ ಬರೆಯುತ್ತೇನೆ. ನೀವು ಹೇಳಿದ್ದು ಇಷ್ಟು. ದಾವಣಗೆರೆಯಿಂದ ಜರ್ಮನಿಗೆ ಬಂದು ಮೂರು ತಿಂಗಳಾಯಿತು. ಮನೆ ಸ್ಟುಟ್‌ಗಾರ್ಟ್ ಪಕ್ಕದ ಲಿಯೊನ್‌ಬರ್ಗ್‌ನಲ್ಲಿ, ಕೆಲಸ ಕಾರ್ಲ್ಸ್‌ರೂಹೆಯಲ್ಲಿ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಆರು ವರ್ಷದ ಮಗ, ಎರಡು ವರ್ಷದ ಮಗಳು. ಮೇ ತಿಂಗಳಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಕೈಯಲ್ಲಿ 18 ಸಾವಿರ ಯೂರೋ ಇದೆ, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೋಬೇಕು. ಸ್ಕೋಡಾ ಆಕ್ಟೇವಿಯಾ ಕಾಂಬಿ, ಫೋಕ್ಸ್‌ವಾಗನ್ ಪಸ್ಸಾಟ್ ವೇರಿಯಂಟ್, ಫೋಕ್ಸ್‌ವಾಗನ್ ಟೂರಾನ್, ಇದರಲ್ಲಿ ಯಾವುದು? ಆಫೀಸಿನಲ್ಲಿ ಒಬ್ಬರು ಡೀಸೆಲ್ ಮುಟ್ಟಲೇಬೇಡಿ ಅಂದರಂತೆ. ಇನ್ನೊಬ್ಬರು ಡೀಸೆಲ್ ಬಿಟ್ಟು ಬೇರೇನೂ ತಗೋಬೇಡಿ ಅಂದರಂತೆ.

ಇಬ್ಬರೂ ಅವರವರ ಓಡಾಟಕ್ಕೆ ಸರಿಯಾಗೇ ಹೇಳಿರಬಹುದು. ನಾನು ಸ್ಟುಟ್‌ಗಾರ್ಟ್‌ನ ಫೊಯರ್‌ಬಾಖ್ ಬಡಾವಣೆಯಲ್ಲಿ 2009ರಿಂದ ಇದ್ದೇನೆ. ಇಲ್ಲಿ ನಾವು ಕೊಂಡ ಮೊದಲನೇ ಕಾರೇ ಡೀಸೆಲ್. ಊರಲ್ಲಿ ಎಲ್ಲರೂ ಇನ್ನೋವಾ ಡೀಸೆಲ್ ಮೈಲೇಜ್ ಬಗ್ಗೆ ಮಾತಾಡುತ್ತಿದ್ದರಲ್ಲ, ಅದೇ ಲೆಕ್ಕ ತಲೆಯಲ್ಲಿತ್ತು. ಆದರೆ ನಮ್ಮ ಓಡಾಟ ಹೇಗಿತ್ತು ಗೊತ್ತಾ? ಬೆಳಗ್ಗೆ ಮಗುವನ್ನು ಬಿಡೋದಕ್ಕೆ ಎರಡು ಕಿಲೋಮೀಟರ್. ಅಲ್ಲಿಂದ ಆಫೀಸಿಗೆ ಮೂರು. ಸಂಜೆ ತರಕಾರಿ, ಹಾಲು ತಂದು ಮನೆಗೆ. ಆಟೋಬಾನ್, ಅಂದರೆ ಇಲ್ಲಿಯ ಹೆದ್ದಾರಿ, ಹತ್ತುತ್ತಿದ್ದದ್ದು ತಿಂಗಳಿಗೆ ಒಂದು ಸಲ. ಎರಡನೇ ಚಳಿಗಾಲದಲ್ಲಿ ಹಳದಿ ದೀಪ ಹೊತ್ತಿತು. ಹೊಗೆ ಫಿಲ್ಟರ್ ಕಟ್ಟಿಕೊಂಡಿತ್ತು. ಆಟೋಬಾನ್‌ನಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ ಅಂತ ಮೆಕ್ಯಾನಿಕ್ ಹೇಳಿದ, ಹಾಗೇ ಮಾಡಿದೆವು. ಮತ್ತೆ ದೀಪ. ಕೊನೆಗೆ ಫಿಲ್ಟರನ್ನೇ ಬದಲಾಯಿಸಬೇಕಾಯಿತು. ಸಾವಿರ ಯೂರೋಗೂ ಮೇಲೆ ಹೋಯಿತು. ಆಗ ಅದು ನಮಗೆ ತುಂಬಾ ದೊಡ್ಡ ದುಡ್ಡು.

ಅವತ್ತು ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ಆಡುಗೋಡಿಯ ಮೈಕೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ ಇಲ್ಲಿಯ ಬಾಷ್ ಮನೆಯದ್ದೇ ಅಲ್ವಾ. ಜೀವನಪೂರ್ತಿ ಡೀಸೆಲ್ ಪಂಪುಗಳ ಜೊತೆ ಕಳೆದ ಅವರು ಕಾರು ಯಾವ ಕಂಪನಿಯದ್ದು ಅಂತ ಕೇಳಲೇ ಇಲ್ಲ. ದಿನಕ್ಕೆ ಎಷ್ಟು ದೂರ ಓಡಿಸ್ತೀರಿ ಅಂತ ಮಾತ್ರ ಕೇಳಿದರು. ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಚ್ಚಲ ಒಲೆ ಹೊತ್ತಿಸಿ, ಹಂಡೆ ಬಿಸಿಯಾಗೋ ಮುಂಚೆ ದಿನಾ ಆರಿಸಿದರೆ ಏನಾಗುತ್ತಮ್ಮಾ? ಬರೀ ಮಸಿ ಕೂರುತ್ತೆ' ಅಂದರು.

ಅದು ಅಕ್ಷರಶಃ ನಿಜ. ಈಗಿನ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿ ತನಕ ಕಾಯಿಸಿ, ಮಸಿಯನ್ನು ಸುಟ್ಟು ಹಾಕುತ್ತದೆ. ಅದಕ್ಕೆ ಒಂದು ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಟ ಬೇಕು. ಮಧ್ಯದಲ್ಲಿ ಕಾರು ನಿಲ್ಲಿಸಿ ಬೀಗ ಹಾಕಿಕೊಂಡು ಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತಾ ಹೋಗುತ್ತದೆ, ತೆಳ್ಳಗಾಗುತ್ತದೆ. ಇದು ದಿನಾ ನಡೆದರೆ ಯಾವ ಒಳ್ಳೆ ಕಂಪನಿಯ ಕಾರಾದರೂ ಕೆಡುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಲಿಯೊನ್‌ಬರ್ಗ್‌ನಿಂದ ಕಾರ್ಲ್ಸ್‌ರೂಹೆಗೆ ಎ8 ಆಟೋಬಾನ್‌ನಲ್ಲಿ ಹೋಗೋದಕ್ಕೆ ಸುಮಾರು 65 ಕಿಲೋಮೀಟರ್. ಹೋಗಿ ಬಂದರೆ 130. ವಾರಕ್ಕೆ ಮೂರು ದಿನ ಅಂದರೆ 390. ರಜೆ ಕಳೆದು ವರ್ಷಕ್ಕೆ 46 ವಾರ ಹಿಡಿದರೂ 18 ಸಾವಿರ ಕಿಲೋಮೀಟರ್ ಆಯಿತು. ಅದೂ ಬಹುಪಾಲು ಆಟೋಬಾನ್, ಫೋರ್ಟ್ಸ್‌ಹೈಮ್ ಹತ್ತಿರದ ಏರಿಳಿತ ಬೇರೆ. ಇದು ಡೀಸೆಲ್ಲಿಗೆ ಹೇಳಿ ಮಾಡಿಸಿದ ಓಡಾಟ. ಉಳಿದ ಎರಡು ದಿನ ನಿಮ್ಮ ಮನೆಯವರು ಊರೊಳಗೆ ಓಡಿಸಿದರೂ ತೊಂದರೆ ಇಲ್ಲ. ಮೂರು ದಿನದ ಓಟ ಫಿಲ್ಟರನ್ನು ಸುಟ್ಟು ಶುಚಿ ಮಾಡುತ್ತಿರುತ್ತದೆ.

ದುಡ್ಡಿನ ಲೆಕ್ಕವನ್ನೂ ಹಾಕಿ ನೋಡಿ. ಇಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತಲ್ಲ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಹೇಳುತ್ತಾರೆ. 5 ಲೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 20. ಡೀಸೆಲ್ ಕಾರು 5.5 ಲೀಟರ್, ಅದೇ ಗಾತ್ರದ ಪೆಟ್ರೋಲ್ ಕಾರು 7 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಡೀಸೆಲ್ 1.65, ಪೆಟ್ರೋಲ್ 1.75 ಯೂರೋ ಅಂತ ಇಟ್ಟುಕೊಂಡರೆ 18 ಸಾವಿರ ಕಿಲೋಮೀಟರಿಗೆ ಸುಮಾರು 570 ಯೂರೋ ಉಳಿಯುತ್ತದೆ. ಆದರೆ ವರ್ಷದ ರಸ್ತೆ ತೆರಿಗೆ ಡೀಸೆಲ್ಲಿಗೆ ಜಾಸ್ತಿ. ಎಂಜಿನ್ನಿನ ಪ್ರತಿ 100 ಸಿಸಿಗೆ ಡೀಸೆಲ್ಲಿಗೆ 9.50 ಯೂರೋ, ಪೆಟ್ರೋಲಿಗೆ 2 ಯೂರೋ. 2 ಲೀಟರ್ ಡೀಸೆಲ್ಲಿಗೆ 190 ಆಯಿತು, 1.5 ಲೀಟರ್ ಪೆಟ್ರೋಲಿಗೆ 30. ಇಂಗಾಲದ ಹೊಗೆಗೆ ಹಾಕುವ ತೆರಿಗೆ ಎರಡಕ್ಕೂ ಬೇರೆ ಸೇರುತ್ತದೆ. ತೆರಿಗೆಯ 160 ಕಳೆದರೂ ನಿಮಗೆ ವರ್ಷಕ್ಕೆ 400 ಯೂರೋ ಉಳಿತಾಯ. ಅದೇ ವರ್ಷಕ್ಕೆ 6 ಸಾವಿರ ಕಿಲೋಮೀಟರ್ ಓಡಿಸುವವರಿಗೆ? ಇದೇ ಲೆಕ್ಕದಲ್ಲಿ 30 ಯೂರೋ ಉಳಿದರೆ ಹೆಚ್ಚು. ಮೇಲೆ ಫಿಲ್ಟರಿನ ತಲೆನೋವು. ಹಾಗಾಗಿ ಡೀಸೆಲ್ ಬೇಡ ಅಂದ ಸಹೋದ್ಯೋಗಿ ಆಫೀಸಿನ ಹತ್ತಿರವೇ ಮನೆ ಮಾಡಿರಬೇಕು ಅಂತ ನನ್ನ ಊಹೆ.

ಮೂರರಲ್ಲಿ ಯಾವುದು ಅನ್ನೋದಕ್ಕೆ ಮುಂಚೆ ಒಂದು ವಿಷಯ. ಮೂರೂ ಒಂದೇ ಗುಂಪಿನ ಕಾರು. 150 ಕುದುರೆ ಶಕ್ತಿಯ 2.0 ಟಿಡಿಐ ಡೀಸೆಲ್ ತಗೊಂಡರೆ ಮೂರರಲ್ಲೂ ಒಂದೇ ಬಳಗದ ಎಂಜಿನ್. ಫೋಕ್ಸ್‌ವಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದೆ ಅಂತ 2015ರ ಸೆಪ್ಟೆಂಬರಿನಲ್ಲಿ ದೊಡ್ಡ ಗಲಾಟೆಯಾಯಿತಲ್ಲ, ಆ ಮೋಸ ಸಿಕ್ಕಿಬಿದ್ದದ್ದು ಇದಕ್ಕೂ ಹಿಂದಿನ ಇಎ189 ಎಂಜಿನ್ನಿನಲ್ಲಿ. ನೀವು ನೋಡುತ್ತಿರುವ ಕಾಲದ ಕಾರುಗಳಲ್ಲಿ ಇಎ288 ಇರುತ್ತದೆ. ಆದ್ದರಿಂದ ಯಾವುದರ ಎಂಜಿನ್ ಗಟ್ಟಿ ಅಂತ ಯೋಚಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ. ಯೋಚಿಸಬೇಕಾದದ್ದು ಹಿಂದಿನ ಸೀಟಿನ ಬಗ್ಗೆ.

ಯಾಕೆಂದರೆ ಮೇ ತಿಂಗಳಲ್ಲಿ ನೀವು ಆರು ಜನ ಆಗುತ್ತೀರಿ! ನಿಮ್ಮ ಪ್ರಶ್ನೆಯಲ್ಲಿ ಇದರ ಮಾತೇ ಇರಲಿಲ್ಲ. ಊರಲ್ಲಾದರೆ ಮಗಳು ಅಜ್ಜಿಯ ತೊಡೆ ಮೇಲೆ, ಮಗ ಮಧ್ಯದಲ್ಲಿ ಸಂದಿಯಲ್ಲಿ, ನಡೆದುಹೋಗುತ್ತದೆ. ಇಲ್ಲಿ ನಡೆಯುವುದಿಲ್ಲ. 12 ವರ್ಷ ತುಂಬುವ ತನಕ, ಇಲ್ಲವೇ 150 ಸೆಂಟಿಮೀಟರ್ ಎತ್ತರ ಆಗುವ ತನಕ, ಮಗುವಿಗೆ ಮಕ್ಕಳ ಸೀಟೇ ಬೇಕು. ದಂಡದ ಮಾತು ಬಿಡಿ, 130ರಲ್ಲಿ ಹೋಗುವಾಗ ತೊಡೆ ಮೇಲಿನ ಮಗುವನ್ನು ಯಾವ ಅಜ್ಜಿಯ ಕೈಯೂ ಹಿಡಿದಿಡಲಾರದು.

ಆಕ್ಟೇವಿಯಾ ಒಳ್ಳೆ ಕಾರು. ಡಿಕ್ಕಿ ಹಿಂದಿನ ಮಾದರಿಯಲ್ಲೇ 610 ಲೀಟರ್, ಹೊಸದರಲ್ಲಿ 640. ಇಂಧನ ತುಂಬುವ ಬಾಯಿಯ ಮುಚ್ಚಳದ ಒಳಗೆ ಮಂಜು ಕೆರೆಯುವ ಪುಟ್ಟ ಪಟ್ಟಿ ಇಟ್ಟಿರುತ್ತಾರೆ. ಜನವರಿಯ ಬೆಳಗ್ಗೆ ಗಾಜಿನ ಮೇಲೆ ಹಿಮ ಕಟ್ಟಿದಾಗ ಅದರ ಬೆಲೆ ಗೊತ್ತಾಗುತ್ತದೆ. ನಾಲ್ಕೇ ಜನ ಇದ್ದರೆ, ದುಡ್ಡು ಉಳಿಸಬೇಕು ಅಂದರೆ ನಾನು ಇದನ್ನೇ ಹೇಳುತ್ತಿದ್ದೆ. ಪಸ್ಸಾಟ್ ವೇರಿಯಂಟ್ ಇದಕ್ಕಿಂತ ಉದ್ದ. ದೂರದ ಓಟದಲ್ಲಿ ಹೆಚ್ಚು ನಿಶ್ಶಬ್ದ. ಎರಡು ಮಕ್ಕಳ ಸೀಟು ಹಾಕಿದ ಮೇಲೂ ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವುದಿಲ್ಲ. ಆದರೆ ಎರಡರಲ್ಲೂ ಎರಡು ಮಕ್ಕಳ ಸೀಟಿನ ಮಧ್ಯೆ ಉಳಿಯುವುದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ, ಅಷ್ಟೇ. ನನ್ನ ಅಮ್ಮ 2016ರಲ್ಲಿ ಬಂದಾಗ ಅಲ್ಲೇ ಕೂತು ಟಿಟಿಸೇ ಸರೋವರದ ತನಕ ಬಂದರು. ಏನೂ ಅನ್ನಲಿಲ್ಲ. ಇಳಿದಾಗ ಸೊಂಟ ಹಿಡಿದುಕೊಂಡು ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಟೂರಾನ್ ಬೇರೆ ಜಾತಿ. 2015ರಲ್ಲಿ ಬಂದ ಎರಡನೇ ಮಾದರಿ ನೋಡಿ, ಏಳು ಸೀಟಿನದ್ದೇ ನೋಡಿ. ಮಧ್ಯದ ಸಾಲಿನಲ್ಲಿ ಮೂರು ಬೇರೆ ಬೇರೆ ಸೀಟು ಇರುತ್ತದೆ, ಹಿಂದೆ ಇನ್ನೆರಡನ್ನು ನೆಲದಿಂದ ಎಬ್ಬಿಸಬಹುದು. ಸೀಟು ಎತ್ತರದಲ್ಲಿದೆ. ಮಂಡಿ ನೋವಿರುವವರು ಸೀರೆ ಉಟ್ಟು ಕೆಳಗೆ ಕುಸಿದು ಕೂರಬೇಕಾಗಿಲ್ಲ, ಕುರ್ಚಿ ಮೇಲೆ ಕೂತ ಹಾಗೆ ಕೂತು ಹಾಗೇ ಇಳಿಯಬಹುದು. ಕೊರತೆಯೂ ಇದೆ. ಏಳೂ ಸೀಟು ಎಬ್ಬಿಸಿದರೆ ಡಿಕ್ಕಿಯಲ್ಲಿ ಉಳಿಯುವುದು ಎರಡು ಕೈಚೀಲದ ಜಾಗ. ಆದ್ದರಿಂದ ಏರ್‌ಪೋರ್ಟಿಗೆ ಮಾತ್ರ ಒಬ್ಬರೇ ಹೋಗಿ ಕರೆತನ್ನಿ, ಎಲ್ಲರೂ ಹೋದರೆ ಉಪ್ಪಿನಕಾಯಿ ಡಬ್ಬಿ ತುಂಬಿದ ಸೂಟ್‌ಕೇಸಿಗೆ ಜಾಗ ಇರುವುದಿಲ್ಲ. ನೋಡೋದಕ್ಕೆ ಪಸ್ಸಾಟಿನಷ್ಟು ಚೆಂದ ಅಲ್ಲ, ಗಾಳಿಗೆ ಸ್ವಲ್ಪ ಹೆಚ್ಚು ಡೀಸೆಲ್ ಕುಡಿಯುತ್ತದೆ. ಆದರೂ ನಿಮ್ಮ ಮನೆಗೆ ನಾನು ಟೂರಾನ್ ಅನ್ನುತ್ತೇನೆ. ಅಪ್ಪ ಅಮ್ಮ ಒಂದೇ ಸಲ ಬಂದು ಹೋಗುವವರಾದರೆ ಪಸ್ಸಾಟ್ ತಗೊಂಡು, ಆ ದಿನಗಳಿಗೆ ದೊಡ್ಡ ಗಾಡಿ ಬಾಡಿಗೆಗೆ ಪಡೆಯಬಹುದು. ಆದರೆ ಅವರು ಪ್ರತಿ ವರ್ಷ 90 ದಿನಕ್ಕೆ ಬರುತ್ತಾರೆ ಅಂತ ನೀವೇ ಬರೆದಿದ್ದೀರಿ.

ಯಾವುದೇ ತಗೊಳ್ಳಿ, ಯೂರೋ 5 ಡೀಸೆಲ್ ಬೇಡ. ಯೂರೋ ಅನ್ನೋದು ಹೊಗೆ ಮಿತಿಯ ದರ್ಜೆ, ಅಂಕಿ ಹೆಚ್ಚಿದಷ್ಟೂ ನಿಯಮ ಬಿಗಿ. ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. 2018ರ ಫೆಬ್ರವರಿ 27ರಂದು ಲೈಪ್‌ಜಿಗ್‌ನ ಕೋರ್ಟು, ಊರುಗಳು ಹಳೆ ಡೀಸೆಲ್ ಕಾರುಗಳನ್ನು ತಡೆಯಬಹುದು ಅಂತ ಹೇಳಿತು. ಆ ಮೊಕದ್ದಮೆಯಲ್ಲಿ ನಮ್ಮ ಸ್ಟುಟ್‌ಗಾರ್ಟೇ ಇತ್ತು. 2019ರ ಜನವರಿಯಿಂದ ಯೂರೋ 4 ಮತ್ತು ಅದಕ್ಕೂ ಹಳೆಯವಕ್ಕೆ ಊರೊಳಗೆ ತಡೆ ಬಂತು. 2020ರ ಜುಲೈಯಿಂದ ಊರಿನ ನಡುಭಾಗ, ಬಾಡ್ ಕಾನ್‌ಸ್ಟಾಟ್, ಫೊಯರ್‌ಬಾಖ್, ತ್ಸುಫೆನ್‌ಹೌಸನ್‌ಗಳಲ್ಲಿ ಯೂರೋ 5ಕ್ಕೂ ಬಂತು. ನಾನು ಇರುವ ಬೀದಿಯೂ ಅದರಲ್ಲಿತ್ತು. ನಿಯಮ ಊರಿಂದ ಊರಿಗೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಆದರೆ ಮುಂದೆ ಕಾರು ಮಾರುವಾಗ ಯೂರೋ 6 ಇದ್ದರೇ ಒಳ್ಳೆಯದು. ಸಾಧ್ಯವಾದರೆ 2019ರ ಸೆಪ್ಟೆಂಬರ್ ನಂತರ ಮೊದಲ ಸಲ ರಿಜಿಸ್ಟರ್ ಆದದ್ದು ನೋಡಿ. ಅವು ಸಾಮಾನ್ಯವಾಗಿ ಯೂರೋ 6ಡಿ ಟೆಂಪ್, ರಸ್ತೆ ಮೇಲೆ ಓಡಿಸಿಯೇ ಹೊಗೆ ಅಳೆದ ಕಾರುಗಳು. ಫಾರ್‌ತ್ಸೊಯ್ಗ್‌ಶೈನ್ ಅನ್ನುವ ಕಾರಿನ ರಿಜಿಸ್ಟ್ರೇಶನ್ ಕಾಗದದಲ್ಲಿ 14ನೇ ಮನೆಯಲ್ಲಿ ಬರೆದಿರುತ್ತದೆ. ಮಾರುವವರ ಬಾಯಿ ಮಾತು ಬೇಡ, ಅದನ್ನೇ ಓದಿ.

ಹೊಸ ಡೀಸೆಲ್ಲುಗಳಿಗೆ ಆಡ್‌ಬ್ಲೂ ಅಂತ ಇನ್ನೊಂದು ನೀರು ಹಾಕಬೇಕು. ಅದು ಯೂರಿಯಾ ಕರಗಿಸಿದ ನೀರು. ಅದರ ಬಾಯಿ ಬೇರೆ, ಮುಚ್ಚಳ ನೀಲಿ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿಯಬೇಡಿ. ಪೂರ್ತಿ ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಎಚ್ಚರಿಕೆ ಬಂದ ಕೂಡಲೇ ತುಂಬಿಸಿ. ಆಟೋಮ್ಯಾಟಿಕ್ ತಗೊಂಡರೆ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ದಾಖಲೆ ಕೇಳಿ. ಆರು ಗೇರಿನ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಪ್ರತಿ 60 ಸಾವಿರ ಕಿಲೋಮೀಟರಿಗೆ ಆಗಿರಬೇಕು. ಚಳಿಗಾಲದ ಟೈರು ಬೇರೆ ಸೆಟ್ ಬೇಕು, ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವುದೇ ಬೇಕು. ಕಾರಿನ ಜೊತೆಗೇ ಬರುತ್ತದಾ ಅಂತ ಕೇಳಿ, ಇಲ್ಲದಿದ್ದರೆ ಬೆಲೆಯಲ್ಲಿ ಮಾತಾಡಿ.

ಖಾಸಗಿ ಜನರಿಂದ ಸ್ವಲ್ಪ ಅಗ್ಗ ಸಿಗುತ್ತದೆ. ಆದರೆ ಅವರು ದೋಷಗಳಿಗೆ ತಾವು ಹೊಣೆಯಲ್ಲ ಅಂತ ಒಪ್ಪಂದದಲ್ಲಿ ಬರೆಸಿಕೊಂಡು ಹೊಣೆ ಕಳಚಿಕೊಳ್ಳಬಹುದು. ಡೀಲರ್ ಹತ್ತಿರ ತಗೊಂಡರೆ ಕಾನೂನಿನ ಪ್ರಕಾರ ಕನಿಷ್ಠ ಒಂದು ವರ್ಷ ಅವರ ಮೇಲೆ ಹೊಣೆ ಇರುತ್ತದೆ. ಭಾಷೆ ಇನ್ನೂ ಬಾರದ ಮೊದಲ ವರ್ಷದಲ್ಲಿ ಡೀಲರೇ ಇರಲಿ.

ಇದೆಲ್ಲಕ್ಕಿಂತ ಮುಂಚೆ ಲೈಸೆನ್ಸ್. ನಮ್ಮ ಲೈಸೆನ್ಸ್ ಇಲ್ಲಿ ನೆಲೆಸಿದ ಆರು ತಿಂಗಳ ತನಕ ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿ ಇಂಗ್ಲಿಷಿನಲ್ಲಿ ಬರೆಯಬಹುದು. ನಿಮಗೆ ಆಗಲೇ ಮೂರು ತಿಂಗಳು ಕಳೆದಿದೆ. ಪ್ರಥಮ ಚಿಕಿತ್ಸೆ ತರಗತಿ, ಕಣ್ಣಿನ ಪರೀಕ್ಷೆ ಈ ವಾರವೇ ಮುಗಿಸಿ, ಅರ್ಜಿ ಹಾಕಿ. ಕಚೇರಿ ಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯ ತನಕ ಊರೊಳಗಿನ ಓಡಾಟಕ್ಕೆ ಎಸ್6 ರೈಲು ನಿಮ್ಮ ಮನೆ ಹತ್ತಿರವೇ ಇದೆ.

ಕಾರು ನೋಡೋದಕ್ಕೆ ಹೋಗುವಾಗ ಮಕ್ಕಳ ಸೀಟು ಎರಡನ್ನೂ ಎತ್ತಿಕೊಂಡು ಹೋಗಿ. ಹಾಕಿ ನೋಡಿ, ಮಧ್ಯದಲ್ಲಿ ನೀವೇ ಕೂತು ಹತ್ತು ನಿಮಿಷ ಸುತ್ತಿ ಬನ್ನಿ. ಎಂಜಿನ್ ತಣ್ಣಗಿರುವಾಗಲೇ ಬರುತ್ತೇವೆ ಅಂತ ಡೀಲರಿಗೆ ಮುಂಚೆಯೇ ಹೇಳಿರಿ. ಶನಿವಾರವಾದರೆ ನಾನೂ ಬರುತ್ತೇನೆ. ಮೊದಲು ಆಯಿಲ್ ಕಡ್ಡಿ ಎಳೆದು, ಗುರುತಿಗಿಂತ ಮೇಲಿದೆಯಾ ಅಂತ ನೋಡೋಣ.