22 ದಿನ ಆಯಿತು, ಇನ್ನು 8 ದಿನ ಉಂಟು

ತಂಗೀ,

ನಿನ್ನ ಉದ್ದದ ಮೆಸೇಜ್ ಎರಡು ಸಲ ಓದಿದೆ. ಇಂಗ್ಲೆಂಡಿನ ಬದುಕಿನ ಬಗ್ಗೆ ಐದಾರು ಪ್ರಶ್ನೆ ಕೇಳಿದ್ದೀಯ. ಅದರಲ್ಲಿ ಕಾರಿನ ವಿಷಯಕ್ಕೆ ಮಾತ್ರ ಗಡುವು ಉಂಟು. ಹಾಗಾಗಿ ಮೊದಲು ಅದನ್ನೇ ಬರೆಯುತ್ತೇನೆ.

ನೀನು ಹೇಳಿದ್ದು ಇಷ್ಟು, ಅಲ್ವಾ? ಬ್ರಹ್ಮಾವರದಿಂದ ಕೊವೆಂಟ್ರಿಯ ಆಸ್ಪತ್ರೆಗೆ ಬಂದು ನಾಲ್ಕು ತಿಂಗಳು. ಜನವರಿ 3ಕ್ಕೆ ಡೀಲರ್ ಒಬ್ಬರ ಹತ್ತಿರ 4,500 ಪೌಂಡಿಗೆ ಹಳೆ ಪೆಟ್ರೋಲ್ ಕಾರು ತೆಗೆದುಕೊಂಡೆ. ಮೂರು ತಿಂಗಳ ವಾರಂಟಿ ಕೊಟ್ಟರು. ಎರಡನೇ ವಾರ ಮೋಟರ್‌ವೇಯಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ಇಂಜಿನ್ ತಣ್ಣಗಿಡುವ ನೀರು, ಅದೇ ಕೂಲಂಟ್, ತುಂಬಿಸಿದರೆ ಮೂರೇ ದಿನದಲ್ಲಿ ಇಳಿಯುತ್ತದೆ. ಡೀಲರ್ 'ವಾರಂಟಿ ಕಂಪನಿಗೆ ಫೋನ್ ಮಾಡಿ' ಅಂದರು. ಆ ಕಂಪನಿಯವರು 'ಒಂದು ಕ್ಲೈಮಿಗೆ 500 ಪೌಂಡ್ ಮಾತ್ರ, ಹೆಡ್ ಗ್ಯಾಸ್ಕೆಟ್ ನಮ್ಮ ಲಿಸ್ಟಿನಲ್ಲಿ ಇಲ್ಲ, ಬಿಚ್ಚಿ ನೋಡುವ ಖರ್ಚು ನಿಮ್ಮದೇ' ಅಂದರು. ಹೆಡ್ ಅಂದರೆ ಇಂಜಿನ್ನಿನ ಮೇಲಿನ ಭಾಗ, ಗ್ಯಾಸ್ಕೆಟ್ ಅಂದರೆ ಅದರ ಅಡಿಯ ಸೀಲು. ಊರಿಂದ ನಿನ್ನ ಅಪ್ಪ 'ಪರದೇಶದಲ್ಲಿ ಗಲಾಟೆ ಬೇಡ ಮಗಾ, ವೀಸಾಕ್ಕೆ ತೊಂದರೆ ಆದೀತು' ಅಂದರು. ಕೊನೆಗೆ ನೀನು ಕೇಳಿದ್ದು: 'ಅಕ್ಕಾ, ದುಡ್ಡು ಹೋಯಿತು ಅಂತ ಸುಮ್ಮನಾಗಲಾ?'

ಬೇಡ ಮಾರಾಯ್ತಿ. ಸುಮ್ಮನಾಗಬೇಡ.

ನಿನ್ನ ಕೈಯಲ್ಲಿ ಇರುವುದು ಎರಡು ಬೇರೆ ಬೇರೆ ಸಂಗತಿ. ಒಂದು ಆ ವಾರಂಟಿ ಕಾಗದ. ಇನ್ನೊಂದು ಕಾನೂನು. ವಾರಂಟಿ ಅಂದರೆ ಇನ್ಶೂರೆನ್ಸ್ ತರಹದ್ದು, ಅದರಲ್ಲಿ ಬರೆದದ್ದಷ್ಟೇ ಸಿಗುವುದು. ಕಾನೂನು ಹಾಗಲ್ಲ. ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಅಂತ 2015ರಲ್ಲಿ ಬಂದದ್ದು ಉಂಟು. ಡೀಲರ್ ಮಾರಿದ ವಸ್ತು, ಹಳೆಯದಾದರೂ ಸರಿ, ಅದರ ಬೆಲೆಗೆ, ವಯಸ್ಸಿಗೆ, ಓಡಿದ ಮೈಲಿಗೆ ತಕ್ಕ ಗುಣಮಟ್ಟದಲ್ಲಿ ಇರಬೇಕು ಅನ್ನುತ್ತದೆ ಅದು. ಇದರ ಹೊಣೆ ಡೀಲರದ್ದು, ವಾರಂಟಿ ಕಂಪನಿಯದ್ದಲ್ಲ. ವಾರಂಟಿಯೇ ಕೊಡದಿದ್ದರೂ ಈ ಹಕ್ಕು ನಿನಗೆ ಇರುತ್ತಿತ್ತು. ನಿನ್ನ ಬಿಲ್ಲಿನಲ್ಲಿ 'ಸೋಲ್ಡ್ ಆ್ಯಸ್ ಸೀನ್' (ಕಂಡ ಹಾಗೆ ಮಾರಿದ್ದು) ಅಂತ ಸೀಲು ಹಾಕಿದ್ದಾರೆ ಅಂದೆಯಲ್ಲ, ಡೀಲರ್ ಹಾಗೆ ಬರೆದುಕೊಂಡರೆ ನಿನ್ನ ಹಕ್ಕು ಹೋಗುವುದಿಲ್ಲ. ಖಾಸಗಿಯವರ ಹತ್ತಿರ ಕೊಂಡಿದ್ದರೆ ಮಾತು ಬೇರೆ. ಅಲ್ಲಿ ಅವರು ಹೇಳಿದ ವಿವರಣೆ ಸುಳ್ಳಾಗಿರಬಾರದು ಅಷ್ಟೆ, ಉಳಿದದ್ದು ಕೊಂಡವರ ಪಾಡು.

ಈಗ ದಿನದ ಲೆಕ್ಕ. ಕಾರು ಕೈಗೆ ಬಂದ 30 ದಿನದ ಒಳಗೆ ದೋಷ ಕಂಡರೆ ಕಾರನ್ನೇ ತಿರಸ್ಕರಿಸಿ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಓಡಿಸಿದ ಮೈಲಿಗೆ ಅಂತ ಒಂದು ಪೆನ್ನಿ ಕಡಿಮೆ ಮಾಡುವ ಹಾಗಿಲ್ಲ. ಇವತ್ತು ಜನವರಿ 25. ನಿನ್ನ ಗಡುವು ಫೆಬ್ರವರಿ 2. ಡೀಲರ್ 'ಮುಂದಿನ ವಾರ ನೋಡುವ' ಅನ್ನುತ್ತಿರುವುದು ಯಾಕೆ ಅಂತ ನಾನು ಹೇಳಲಾರೆ. ಆದರೆ ಆ ಮುಂದಿನ ವಾರದ ಒಳಗೇ ನಿನ್ನ ದೊಡ್ಡ ಹಕ್ಕು ಮುಗಿದುಹೋಗುತ್ತದೆ.

ನನಗೆ ಇದು ಗೊತ್ತಿರಲಿಲ್ಲ. 2017ರ ನವೆಂಬರದಲ್ಲಿ ಲೆಸ್ಟರಿನಲ್ಲಿ 3,800 ಪೌಂಡಿಗೆ ಒಂದು ಸಣ್ಣ ಆಟೋಮ್ಯಾಟಿಕ್ ಕಾರು ಕೊಂಡಿದ್ದೆ. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ದೂಡಿದ ಹಾಗೆ ಜರ್ಕ್. ವಾರಂಟಿ ಕಂಪನಿಗೆ ಐದು ವಾರ ಫೋನ್ ಮಾಡಿದೆ. ಪ್ರತಿ ಸಲ ಬೇರೆ ದನಿ, ಪ್ರತಿ ಸಲ ಮೊದಲಿಂದ ಕಥೆ. 41ನೇ ದಿನ ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು 'ನೀನು ಬರವಣಿಗೆಯಲ್ಲಿ ಎಂತ ಕೊಟ್ಟಿದ್ದೀಯ?' ಅಂತ ಕೇಳಿದರು. ಒಂದು ಸಾಲೂ ಕೊಟ್ಟಿರಲಿಲ್ಲ. 30 ದಿನ ಹೋಗಿತ್ತು.

ಅದಾದ ಮೇಲೂ ದಾರಿ ಇತ್ತು. ಆರು ತಿಂಗಳ ಒಳಗೆ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಅಂತ ಕಾನೂನು ಎಣಿಸುತ್ತದೆ. ಇರಲಿಲ್ಲ ಅಂತ ತೋರಿಸಬೇಕಾದದ್ದು ಡೀಲರ್. ಆದರೆ ಆಗ ಅವರಿಗೆ ರಿಪೇರಿಗೆ ಒಂದು ಅವಕಾಶ ಕೊಡಬೇಕು. ಕೊಟ್ಟೆ. ಫೆಬ್ರವರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬರುವಾಗ ರೌಂಡಬೌಟಿನ ಮಧ್ಯದಲ್ಲಿ ಗೇರು ಬಿಟ್ಟುಹೋಯಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮಳೆ, ಕತ್ತಲೆ, ಹಿಂದೆ ಲಾರಿಯ ಹಾರ್ನ್. ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪುಂಟು. ಒಂದು ರಿಪೇರಿ ಸೋತ ಮೇಲೆ ತಿರಸ್ಕರಿಸಬಹುದು, ಹಾಗೇ ಮಾಡಿದೆ. ದುಡ್ಡು ಬಂತು, 410 ಪೌಂಡ್ ಕಡಿಮೆ. ಈ ಹಂತದಲ್ಲಿ ಓಡಿಸಿದ್ದಕ್ಕೆ ಕಾರಿನ ಬೆಲೆಯಲ್ಲಿ ಕಡಿತ ಮಾಡಲು ಅವರಿಗೆ ಅವಕಾಶ ಉಂಟು. ನಿನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಇಲ್ಲ. ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ.

ಆದರೆ ಒಂದು ಮಾತು ಸರಿಯಾಗಿ ತಿಳಿದುಕೋ. 30 ದಿನದ ಒಳಗೆ ತಿರಸ್ಕರಿಸುವುದಾದರೆ ದೋಷ ಮೊದಲೇ ಇತ್ತು ಅಂತ ತೋರಿಸುವುದು ನಿನ್ನ ಕೆಲಸ. ಆ ಆರು ತಿಂಗಳ ಅನುಕೂಲ ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಒಂದು ರಿಪೋರ್ಟ್ ಬೇಕು.

ನಾನೀಗ ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆಂದು ಉಡುಪಿಗೆ ಬಂದವಳು ಇನ್ನೂ ಹೊರಟಿಲ್ಲ. ನೀನು ಕಳಿಸಿದ ಫೋಟೋ ತೆಗೆದುಕೊಂಡು ನಮ್ಮ ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಅಪ್ಪನ ಕಾಲದಿಂದ ಗುರ್ತದ ಮೆಕ್ಯಾನಿಕ್. ಕೈಯ ಗ್ರೀಸು ಬಟ್ಟೆಗೆ ಒರೆಸಿ, ಫೋನನ್ನು ಬಿಸಿಲಿನಿಂದ ಮರೆ ಮಾಡಿ ನೋಡಿದರು. ಇಂಜಿನ್ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಗಟ್ಟಿ ಕೆನೆ. 'ನೀರು ಕಡಿಮೆ ಆಗ್ತಾ ಉಂಟಾ?' ಅಂತ ಕೇಳಿದರು. ಹೌದು ಅಂದೆ. 'ಹಾಗಾದರೆ ಓಡಿಸುವುದು ಬೇಡ ಅನ್ನಿ. ಹೆಡ್ ಬಗ್ಗಿದರೆ ಮತ್ತೆ ಕಷ್ಟ' ಅಂದರು.

ಆ ಕೆನೆ ಒಂದನ್ನೇ ನಂಬಬೇಡ. ಅಲ್ಲಿಯ ಚಳಿಯಲ್ಲಿ ದಿನಾ ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಇಂಜಿನ್ ಸರಿಯಾಗಿ ಬಿಸಿಯಾಗದೆ ತೇವ ಕೂತೂ ಹಾಗೆ ಆಗುತ್ತದೆ. ಕೂಲಂಟೂ ಇಳಿಯುತ್ತಿದೆ, ಬಿಸಿಯೂ ಏರುತ್ತಿದೆ ಅಂದಾಗ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಜಾಸ್ತಿ. ಒಂದು ಸುಲಭದ ಟೆಸ್ಟ್ ಉಂಟು. ಕೂಲಂಟ್ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ನಳಿಗೆ ಇಟ್ಟು ಗಾಳಿ ಎಳೆಯುತ್ತಾರೆ. ಪೆಟ್ರೋಲ್ ಇಂಜಿನ್ನಿನ ಹೊಗೆ ಒಳಗೆ ಸೇರಿದ್ದರೆ ನೀಲಿ ಹಳದಿ ಆಗುತ್ತದೆ. ಡೀಲರಿಗೆ ಸಂಬಂಧ ಇಲ್ಲದ ಗ್ಯಾರೇಜಿನಲ್ಲಿ ಮಾಡಿಸು. ಲೆಟರ್‌ಹೆಡ್ಡಿನಲ್ಲಿ ಬರೆಸು: ತಾರೀಕು, ಕಾರಿನ ಮೈಲಿ, ಕಂಡದ್ದು ಎಂತ, ಇದು ಮೂರು ವಾರದಲ್ಲಿ ಹುಟ್ಟಿದ ದೋಷವೋ ಹಳೆಯದೋ ಅನ್ನುವ ಅವರ ಅಭಿಪ್ರಾಯ. ಇಂಜಿನ್ ಬಿಸಿ ಇರುವಾಗ ಮಾತ್ರ ಆ ಟ್ಯಾಂಕಿನ ಮುಚ್ಚಳ ನೀನಾಗಿ ತೆಗೆಯಬೇಡ, ಕೈ ಮುಖ ಸುಟ್ಟೀತು.

ಕಾರು ಇವತ್ತಿನಿಂದ ನಿಂತಲ್ಲೇ ನಿಲ್ಲಲಿ. ಡ್ಯೂಟಿಗೆ ಬಸ್ಸಿನಲ್ಲಿ ಹೋಗು. ತಿರಸ್ಕರಿಸಿದೆ ಅಂತ ಬರೆದು ಅದರಲ್ಲೇ ಓಡಾಡಿದರೆ ನಿನ್ನ ಮಾತಿಗೆ ಬೆಲೆ ಇರುವುದಿಲ್ಲ.

ಎಂಓಟಿ, ಅಂದರೆ ಗಾಡಿಯ ವರ್ಷದ ಪರೀಕ್ಷೆ, ಪಾಸಾಗಿದೆಯಲ್ಲ ಅಂತ ಡೀಲರ್ ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡು ಬಂದೆ ಅಂದೆ. ಎಂಓಟಿಯಲ್ಲಿ ಬ್ರೇಕು, ಟಯರು, ಲೈಟು, ಹೊಗೆ, ತುಕ್ಕು ನೋಡುತ್ತಾರೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಒಳಗೆ ಹೇಗಿದೆ ಅನ್ನುವುದು ಆ ಪರೀಕ್ಷೆಯಲ್ಲಿ ಇಲ್ಲ. 'ಹಳೆ ಕಾರು, ಸವೆತ ಸಹಜ' ಅನ್ನುವುದಕ್ಕೂ ಮಿತಿ ಉಂಟು. ಬ್ರೇಕ್ ಪ್ಯಾಡ್, ವೈಪರ್, ಟಯರ್ ಸವೆದರೆ ನಾನೂ ಸುಮ್ಮನಿರು ಅನ್ನುತ್ತಿದ್ದೆ. 800 ಪೌಂಡಿನ ತುಂಬ ಓಡಿದ ಗಾಡಿಯಾಗಿದ್ದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. 4,500 ಕೊಟ್ಟ ಕಾರಿನ ಇಂಜಿನ್ ಎರಡು ವಾರದಲ್ಲಿ ಕುದಿಯಬಾರದು.

ಪತ್ರ ಚಿಕ್ಕದಿರಲಿ. ಯಾವ ಕಾರು, ನಂಬರ್, ಎಂದು ಕೊಂಡದ್ದು, ಎಷ್ಟು ಕೊಟ್ಟದ್ದು, ದೋಷ ಎಂದು ಕಂಡಿತು. ಆಮೇಲೆ ಒಂದೇ ಸಾಲು: 'ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ 2015ರ ಪ್ರಕಾರ ಈ ಕಾರನ್ನು ತಿರಸ್ಕರಿಸುತ್ತಿದ್ದೇನೆ, ಪೂರ್ತಿ ಹಣ ವಾಪಸ್ ಕೊಡಿ.' ಕೋಪ ಬೇಡ, ಕ್ಷಮೆ ಕೇಳುವುದೂ ಬೇಡ. ರಿಪೋರ್ಟ್ ಜೊತೆಗಿಟ್ಟು ಈಮೇಲ್ ಮಾಡು, ಅದನ್ನೇ ಸಹಿ ಪಡೆಯುವ ಅಂಚೆಯಲ್ಲೂ ಹಾಕು. ಅವರು ಒಪ್ಪಿದ ಮೇಲೆ 14 ದಿನದ ಒಳಗೆ ದುಡ್ಡು ಕೊಡಬೇಕು. 'ಒಂದು ಸಲ ರಿಪೇರಿ ಮಾಡಿ ಕೊಡುತ್ತೇವೆ' ಅಂದರೆ ಒಪ್ಪುವುದು ಬಿಡುವುದು ಈಗ ನಿನ್ನ ಇಷ್ಟ. ಒಪ್ಪಿದರೆ ಬರವಣಿಗೆಯಲ್ಲಿ ತೆಗೆದುಕೋ. ರಿಪೇರಿಯ ದಿನಗಳು 30ರ ಲೆಕ್ಕಕ್ಕೆ ಸೇರುವುದಿಲ್ಲ, ಕಾರು ವಾಪಸ್ ಬಂದ ಮೇಲೆ ಕಡಿಮೆ ಅಂದರೂ 7 ದಿನ ನಿನಗೆ ಇರುತ್ತದೆ.

ಇನ್ನು ಮುಂದೆ ಫೋನಿನಲ್ಲಿ ಆಡಿದ ಮಾತೆಲ್ಲ ಬರೆದಿಡು. ನನ್ನ ಅಮ್ಮ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಿದ್ದರು, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ. ಹಾಗೇ. ಯಾವ ದಿನ, ಎಷ್ಟು ಗಂಟೆಗೆ, ಯಾರು, ಎಂತ ಹೇಳಿದರು.

ನಿನ್ನ ಮೆಸೇಜಿನ ನಡುವೆ ಒಂದು ಸಾಲು ಇತ್ತು. ಅದರ ಬೆಲೆ ನಿನಗೆ ಗೊತ್ತಾಗಿರಲಿಕ್ಕಿಲ್ಲ. ಬುಕಿಂಗಿಗೆ 250 ಪೌಂಡ್ ಮಾತ್ರ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟೆ, ಉಳಿದದ್ದು ಬ್ಯಾಂಕಿನಿಂದ ಹಾಕಿದೆ ಅಂತ. ಓದಿ ನನಗೆ ಸಮಾಧಾನ ಆಯಿತು. 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ 75ನೇ ಸೆಕ್ಷನ್ ಅಂತ ಉಂಟು. ವಸ್ತುವಿನ ಬೆಲೆ 100 ಪೌಂಡಿಗಿಂತ ಜಾಸ್ತಿ, 30,000ದ ಒಳಗೆ ಇದ್ದರೆ, ಕಾರ್ಡಿನಲ್ಲಿ ಸ್ವಲ್ಪವೇ ಕೊಟ್ಟಿದ್ದರೂ ಪೂರ್ತಿ ಬೆಲೆಗೆ ಕಾರ್ಡ್ ಕಂಪನಿಯೂ ಡೀಲರ್ ಜೊತೆ ಹೊಣೆ. ಡೀಲರ್ ಉತ್ತರ ಕೊಡದಿದ್ದರೆ ಅದೇ ಪತ್ರ, ಅದೇ ರಿಪೋರ್ಟ್ ಕಾರ್ಡ್ ಕಂಪನಿಗೆ ಕಳಿಸು. ಡೆಬಿಟ್ ಕಾರ್ಡಿಗೆ ಈ ಸೆಕ್ಷನ್ ಇಲ್ಲ. ಅವರೂ ಜಗ್ಗದಿದ್ದರೆ ಸ್ಮಾಲ್ ಕ್ಲೈಮ್ಸ್, ಅಂದರೆ ಸಣ್ಣ ಮೊತ್ತದ ಕೋರ್ಟ್ ದಾವೆ, ಉಂಟು, ಇಂಗ್ಲೆಂಡಿನಲ್ಲಿ 10,000 ಪೌಂಡಿನವರೆಗೆ, ಆನ್‌ಲೈನಿನಲ್ಲೇ ಹಾಕಬಹುದು, ವಕೀಲರು ಬೇಕಿಲ್ಲ. ಪತ್ರ ಕಳಿಸುವ ಮೊದಲು ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿಗೂ ಒಮ್ಮೆ ಫೋನ್ ಮಾಡು. ಚೆನ್ನಾಗಿ ಹೇಳಿಕೊಡುತ್ತಾರೆ.

ಅಪ್ಪನಿಗೆ ಹೇಳು, ಕಾರು ವಾಪಸ್ ಕೊಡುವುದಕ್ಕೂ ವೀಸಾಕ್ಕೂ ಸಂಬಂಧ ಇಲ್ಲ ಅಂತ. ಅವರ ಹೆದರಿಕೆ ನನಗೆ ಅರ್ಥ ಆಗುತ್ತದೆ. ನಮ್ಮ ಊರಿನಲ್ಲಿ ವ್ಯವಹಾರ ನಡೆಯುವುದೇ ಗುರ್ತದ ಮೇಲೆ. ನನ್ನ ಅಪ್ಪ ಹಳೆ ಕಾರು ಕೊಳ್ಳುವಾಗ ಇದೇ ಮೆಕ್ಯಾನಿಕನ್ನು ಕರೆದುಕೊಂಡು ಹೋಗಿದ್ದರು. ಮಲ್ಪೆ ಕಡೆಯ ಗಾಡಿ ಅಂದರೆ ಇವರು ಅಡಿಗೆ ಮಲಗಿ ಟಾರ್ಚ್ ಹಾಕಿ ನೋಡದೆ ಬಿಡುತ್ತಿರಲಿಲ್ಲ, ಕಡಲ ಗಾಳಿಗೆ ತಗಡು ತಿನ್ನುತ್ತದೆ ಅಂತ. ಏನಾದರೂ ಹೆಚ್ಚುಕಮ್ಮಿ ಆದರೆ ಮಾರಿದವರ ಮನೆಗೇ ಹೋಗಿ ಮಾತಾಡುತ್ತಿದ್ದರು. ಕೊವೆಂಟ್ರಿಯಲ್ಲಿ ನಿನಗೆ ಅಂಥ ಗುರ್ತ ಇಲ್ಲ. ಡೀಲರ್ ಚಾ ಕೊಟ್ಟು ನಗುತ್ತಾ ಮಾತಾಡಿದರು, ಪತ್ರ ಕಳಿಸಲು ಮುಜುಗರ ಅಂದೆ. ಅಲ್ಲಿ ಪತ್ರ ಕಳಿಸುವುದನ್ನು ಯಾರೂ ಜಗಳ ಅಂತ ಎಣಿಸುವುದಿಲ್ಲ. ನೀನು ತಿಂಗಳುಗಟ್ಟಲೆ ನೈಟ್ ಡ್ಯೂಟಿ ಮಾಡಿ ಕೂಡಿಸಿದ ದುಡ್ಡು ಅದು.

ಮುಂದಿನ ಕಾರಿಗೆ ಒಂದೇ ಮಾತು. ಕೊಳ್ಳುವ ಮೊದಲು ನಂಬರ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಎಂಓಟಿ ಇತಿಹಾಸ ನೋಡು, ದುಡ್ಡಿಲ್ಲ. ಫೇಲಾದದ್ದು ಯಾವಾಗ, ಪ್ರತಿ ವರ್ಷ ಮೈಲಿ ಎಷ್ಟು, ತುಕ್ಕಿನ ಎಚ್ಚರಿಕೆ ಉಂಟಾ, ಎಲ್ಲ ಸಿಗುತ್ತದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಸಮುದ್ರ ದೂರ ಇದ್ದರೂ ಗಾಡಿಯ ಅಡಿ ಮಲ್ಪೆಯ ಗಾಡಿಯ ಹಾಗೇ ಆಗುತ್ತದೆ.

ಲೈಸೆನ್ಸಿನ ಪ್ರಶ್ನೆಗೆ: ಇಂಡಿಯಾದ್ದರಲ್ಲಿ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಅಷ್ಟರಲ್ಲಿ ಅಲ್ಲಿಯ ಟೆಸ್ಟ್ ಪಾಸ್ ಮಾಡಿಕೋ. ಮನೆ ಬಾಡಿಗೆ, ಅಮ್ಮನ ವಿಸಿಟರ್ ವೀಸಾ ಎಲ್ಲ ಇನ್ನೊಂದು ದಿನ ಬರೆಯುತ್ತೇನೆ.

ನಾಳೆ ಗ್ಯಾರೇಜಿಗೆ ಫೋನ್ ಮಾಡಿ ಟೈಮ್ ತೆಗೆದುಕೋ. ಪತ್ರ ಬರೆದು ಕಳಿಸುವ ಮೊದಲು ನನಗೆ ತೋರಿಸು. ನಾನು ಇಲ್ಲಿ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ನಿನಗೆ ಆಗ ರಾತ್ರಿ ಹನ್ನೊಂದೂವರೆ, ಲೇಟ್ ಶಿಫ್ಟ್ ಮುಗಿಸಿ ಬಂದಿರುತ್ತೀಯ. ಆಗ ಫೋನ್ ಮಾಡು, ಒಂದೊಂದೇ ಸಾಲು ಓದಿ ಸರಿ ಮಾಡುವ.