ಐದು ಪುಟ, ಇಪ್ಪತ್ತಮೂರು ‘ಲಾಯಿತು’

ನಮಸ್ಕಾರ.

‘ವೇಲ್ಸ್‌ನ ಮೋಲ್ಫ್ರೆ: ಇತಿಹಾಸ ಮತ್ತು ಪ್ರೇಕ್ಷಣೀಯ ಸ್ಥಳಗಳು’ ಕೈಸೇರಿತು. ಲಿವರ್‌ಪೂಲ್‌ನಲ್ಲಿ ಕೆಲಸ, ರಜೆಗೆಂದು ಆಂಗ್ಲಸಿ ದ್ವೀಪಕ್ಕೆ ಹೋಗಿದ್ದೆ, ಇದು ನನ್ನ ಮೊದಲ ಲೇಖನ, ಮುಲಾಜಿಲ್ಲದೆ ಹೇಳಿ ಅಂತ ಬರೆದಿದ್ದೀರಿ. ಸರಿ. ಕಾಗುಣಿತದ ತಪ್ಪಿಲ್ಲ, ಇಸವಿಗಳು ಸರಿಯಾಗಿವೆ, ದೀನ್ ಲಿಗ್ವಿಯ ಹಳೆಯ ಸುಣ್ಣಕಲ್ಲಿನ ಗೋಡೆಗಳ ಪ್ಯಾರಾ ಚೆನ್ನಾಗಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಮೊದಲ ಸಲ ಓದಿದಾಗ ಸಿಟ್ಟು ಬಂತು, ಯಾಕೆ ಅಂತ ತಿಳಿಯಲಿಲ್ಲ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಐದು ಪುಟದಲ್ಲಿ ಇಪ್ಪತ್ತಮೂರು ‘ಲಾಯಿತು’. ರಕ್ಷಿಸಲಾಯಿತು, ಸಾಗಿಸಲಾಯಿತು, ನೀಡಲಾಯಿತು. ನಿಮ್ಮ ಮೋಲ್ಫ್ರೆ ಹಳ್ಳಿಯಲ್ಲಿ ಎಲ್ಲವೂ ಆಗುತ್ತದೆ, ಮಾಡುವವರು ಮಾತ್ರ ಒಬ್ಬರೂ ಇಲ್ಲ.

ಎರಡನೇ ಪುಟಕ್ಕೆ ಬನ್ನಿ. ‘1859ರ ಅಕ್ಟೋಬರ್ 26ರಂದು ರಾಯಲ್ ಚಾರ್ಟರ್ ಹಡಗು ಇಲ್ಲಿ ಮುಳುಗಿ ಸುಮಾರು 450 ಜನ ಸಾವನ್ನಪ್ಪಿದರು.’ ಮೊದಲಿಗೆ, ಸಾವನ್ನು ಯಾರೂ ಅಪ್ಪುವುದಿಲ್ಲ. ‘ಸತ್ತರು’ ಅನ್ನಿ, ಕನ್ನಡಕ್ಕೇನೂ ಅವಮಾನವಾಗುವುದಿಲ್ಲ. ಇನ್ನು ಆ ಹಡಗು ‘ಮುಳುಗಿ’ದ್ದಲ್ಲ. ಲಂಗರಿನ ಸರಪಳಿಗಳು ಒಂದರ ಹಿಂದೊಂದು ಕಡಿದವು, ಗಾಳಿ ಅದನ್ನು ದಡದತ್ತ ನೂಕಿತು, ಬೆಳಗಾಗುವ ಹೊತ್ತಿಗೆ ಬಂಡೆಗೆ ಬಡಿದು ಎರಡು ಹೋಳಾಯಿತು. ಅದೂ ದಡದಿಂದ ಕೂಗಳತೆಯಲ್ಲಿ. ಅದರಲ್ಲಿದ್ದವರಲ್ಲಿ ಎಷ್ಟೋ ಜನ ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ಸಂಪಾದಿಸಿ ಊರಿಗೆ ಮರಳುತ್ತಿದ್ದವರು. ಮೆಲ್ಬರ್ನ್ ಬಿಟ್ಟು ಎರಡು ತಿಂಗಳಾಗಿತ್ತು. ಹಡಗು ಹೊರಟಿದ್ದಾದರೂ ಎಲ್ಲಿಗೆ? ಲಿವರ್‌ಪೂಲಿಗೆ, ನೀವು ದಿನಾ ಬಸ್ಸು ಹತ್ತುವ ಊರಿಗೆ! ಅದನ್ನೂ ಹೇಳಿಲ್ಲವಲ್ಲ.

ಮುಂದಿನ ಸಾಲು: ‘ಹಗ್ಗದ ಸಹಾಯದಿಂದ ಕೆಲವರನ್ನು ರಕ್ಷಿಸಲಾಯಿತು.’ ಯಾರು ರಕ್ಷಿಸಿದರು? ಮೆಸಾಕ್ ವಿಲಿಯಮ್ಸ್ ಎಂಬಾತ ಗಾಳಿಗೆ ಕಿತ್ತು ಹೋಗುತ್ತಿದ್ದ ತನ್ನ ಮನೆಯ ಸೂರನ್ನು ಬಿಗಿಯಲು ನಸುಕಿನಲ್ಲಿ ಮೇಲೆ ಹತ್ತಿದ್ದ. ಅಲ್ಲಿಂದ ಹಡಗು ಕಾಣಿಸಿತು. ಹಡಗಿನಲ್ಲಿ ಜೋಸೆಫ್ ರಾಜರ್ಸ್ ಎಂಬ ಮಾಲ್ಟಾ ದೇಶದ ನಾವಿಕನಿದ್ದ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಅಲೆಗಳಿಗೆ ಇಳಿದು ದಡ ಸೇರಿದ. ದಡದಲ್ಲಿ ಹಳ್ಳಿಯ ಇಪ್ಪತ್ತೆಂಟು ಗಂಡಸರು ಕೈಗೆ ಕೈ ಕೊಟ್ಟು ನೀರಿನೊಳಗೆ ಸಾಲಾಗಿ ನಿಂತು ಬಂದವರನ್ನು ಎಳೆದುಕೊಂಡರು. ಬದುಕಿ ಉಳಿದವರು ಸುಮಾರು 40. ಎಲ್ಲರೂ ಗಂಡಸರೇ, ಒಬ್ಬ ಹೆಂಗಸಾಗಲಿ, ಒಂದು ಮಗುವಾಗಲಿ ಬದುಕಲಿಲ್ಲ. ಇಷ್ಟೆಲ್ಲವನ್ನೂ ನಿಮ್ಮ ‘ಲಾಯಿತು’ ನುಂಗಿ ಕೂತಿದೆ.

ನನ್ನನ್ನು ನಿಜಕ್ಕೂ ಕೆರಳಿಸಿದ್ದು ಅದರ ಮುಂದಿನದು. ‘ಶವಗಳನ್ನು ಲಾನಾಲ್ಗೊ ಚರ್ಚಿನ ಆವರಣದಲ್ಲಿ ಹೂಳಲಾಯಿತು. ಸಂಬಂಧಿಕರಿಗೆ ಮಾಹಿತಿ ನೀಡಲಾಯಿತು.’ ಹೂಳಿದವರು ಸ್ಟೀಫನ್ ರೂಸ್ ಹ್ಯೂಸ್, ಆ ಚರ್ಚಿನ ಪಾದ್ರಿ. ಚರ್ಚಿನ ನೆಲದ ಮೇಲೆ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಗುರುತು ಹತ್ತುವಂತಿರಲಿಲ್ಲ. ಇವರು ಒಂದೊಂದರ ಬಳಿ ಕೂತು ಅಂಗಿಯ ಗುಂಡಿ ಕತ್ತರಿಸಿಟ್ಟುಕೊಂಡರು, ಕೂದಲು ತೆಗೆದಿಟ್ಟರು, ಬಟ್ಟೆಯ ಮೇಲಿನ ಗುರುತುಗಳನ್ನು ನೋಡಿ ಬರೆದುಕೊಂಡರು. ಅಲ್ಲಿ ಮಣ್ಣು ಮಾಡಿದ್ದು ಸುಮಾರು 140 ಜನರನ್ನು. ಆ ವರ್ಷದ ಕೊನೆಗೆ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ಹೋದಾಗ ಪಾದ್ರಿ ಬರೆದ ಪತ್ರಗಳ ಲೆಕ್ಕ 1,075 ಮುಟ್ಟಿತ್ತು. ಎರಡು ತಿಂಗಳಲ್ಲಿ! ಅದಕ್ಕೆ ನೀವು ಕೊಟ್ಟಿದ್ದು ಮೂರು ಪದ. 1862ರಲ್ಲಿ, 47ನೇ ವಯಸ್ಸಿಗೆ, ಅವರೂ ಹೋಗಿಬಿಟ್ಟರು. ಸಮಾಧಿ ಅದೇ ಆವರಣದಲ್ಲಿದೆ. ನೀವು ಅಲ್ಲಿ ಅಡ್ಡಾಡಿದ್ದೀರಿ, ಫೋಟೊ ಕಳಿಸಿದ್ದೀರಿ.

‘ಲಾಯಿತು’ ಪೂರ್ತಿ ಕೂಡದು ಅಂತಲ್ಲ. ಲಿಗ್ವಿಯ ಶಿಲಾಸಮಾಧಿಯ ಮೇಲಿರುವ 25 ಟನ್ ಭಾರದ ಚಪ್ಪಡಿಯನ್ನು ಎತ್ತಿಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ‘ಇಡಲಾಯಿತು’ ಒಪ್ಪುತ್ತದೆ. ತಮಾಷೆ ಅಂದರೆ, ನೀವು ಅಲ್ಲಿ ಮಾತ್ರ ‘ಪೂರ್ವಜರು ಇಟ್ಟರು’ ಅಂತ ಬರೆದಿದ್ದೀರಿ.

ಈ ಹುಚ್ಚು ನನಗೆ ಹತ್ತಿದ್ದು 1986ರಲ್ಲಿ. ಹುಬ್ಬಳ್ಳಿಯ ಒಂದು ಪತ್ರಿಕೆ, ರಾತ್ರಿ ಪಾಳಿ, ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಬಾವಿಗೆ ಬಿದ್ದ ಸುದ್ದಿ ಬಂತು. ‘ಶವವನ್ನು ಹೊರತೆಗೆಯಲಾಯಿತು’ ಅಂತ ಬರೆದು ಕೊಟ್ಟೆ. ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ ಕೇಳಿದರು: ‘ಯಾರ್ ತಗದ್ರೋ ತಮ್ಮಾ? ಹೆಣ ತಾನ ಎದ್ದು ಬಂತೇನು?’ ಪುಟ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ಫೋನಿನ ಮುಂದೆ ಕೂರಿಸಿದರು. ಟ್ರಂಕ್ ಕಾಲ್ ಸಿಗುವಾಗ ರಾತ್ರಿ ಹನ್ನೊಂದೂವರೆ. ಇಳಿದವನು ಚಾ ಅಂಗಡಿಯಲ್ಲಿ ಕಪ್ಪು ಬಸಿ ತೊಳೆಯುವ ಹುಡುಗ. ಊರಲ್ಲಿ ಬೇರೆ ಯಾರೂ ಇಳಿಯಲು ಒಪ್ಪಿರಲಿಲ್ಲವಂತೆ. ಒಂದು ಸಾಲು ಸೇರಿಸಿದೆ. ವಾರದ ಮೇಲೆ ಆ ಹುಡುಗನೇ ಬಸ್ಸು ಹಿಡಿದು ಕಚೇರಿಗೆ ಬಂದ. ಥ್ಯಾಂಕ್ಸ್ ಹೇಳೋಕೆ ಅಂದುಕೊಂಡೆ. ಪೇಪರ್ ಬಿಡಿಸಿ, ‘ಸರ, ನನ್ನ ಹೆಸರು ತಪ್ಪು ಬಿದ್ದೈತಿ’ ಅಂದ.

ಹೆಸರು ಅಂದಾಗ ನೆನಪಾಯಿತು. ನಿಮ್ಮ ಹಳ್ಳಿ ‘ಮೋಲ್ಫ್ರೆ’ ಅಲ್ಲ. ವೆಲ್ಷ್ ಭಾಷೆಯಲ್ಲಿ ಎಫ್ ಅಕ್ಷರಕ್ಕೆ ‘ವ’ ಉಚ್ಚಾರ, ಹಾಗಾಗಿ ಮೊಯ್ಲ್‌ವ್ರೆ. ಮೊಯ್ಲ್ ಅಂದರೆ ಬೋಳು, ಬ್ರೆ ಅಂದರೆ ಗುಡ್ಡ. ಎರಡೂ ಕೂಡಿದಾಗ ‘ಬ’ ಹೋಗಿ ‘ವ’ ಬಂದಿದೆ. ನೆಲೆ, ಬೀಡು ಸೇರಿ ನಮ್ಮಲ್ಲಿ ನೆಲೆವೀಡು ಆಗುವುದಿಲ್ಲವೇ, ಹಾಗೆ. ಹೈಸ್ಕೂಲಿನಲ್ಲಿ ಸಂಧಿ ಓದಿ ಬೈದುಕೊಂಡ ಪ್ರತಿ ಕನ್ನಡಿಗನಿಗೂ ಇದು ಖುಷಿ ಕೊಡುತ್ತದೆ. ಬೋಳುಗುಡ್ಡ ಎಂಬ ಊರಿಗೆ ಹೋಗಿ ಬಂದು ಅದನ್ನು ಹೇಳದೆ ‘ಪ್ರಕೃತಿಯ ಮಡಿಲಲ್ಲಿರುವ ರಮಣೀಯ ತಾಣ’ ಅಂತ ಶುರು ಮಾಡಿದ್ದೀರಿ. ಆ ಸಾಲು ಹೊಡೆದು ಹಾಕಿದ್ದೇನೆ.

ಕೊನೆಯ ಪುಟದ ‘ಡಿಕ್ ಇವಾನ್ಸ್ ಅವರ ಪ್ರತಿಮೆ ಸ್ಥಾಪಿಸಲಾಗಿದೆ’ಯೂ ಅದೇ ಜಾತಿ. ಯಾಕೆ ಸ್ಥಾಪಿಸಿದರು? 1959ರ ಅಕ್ಟೋಬರ್ 27, ರಾಯಲ್ ಚಾರ್ಟರ್ ಒಡೆದು ನೂರು ವರ್ಷ ಒಂದು ದಿನ. ಅಂಥದೇ ಬಿರುಗಾಳಿ. ಹಿಂಡ್ಲೀ ಎಂಬ ಹಡಗು ಬಂಡೆಯತ್ತ ಜಾರುತ್ತಿದೆ. ಇವಾನ್ಸ್ ಆ ಊರಿನ ಲೈಫ್‌ಬೋಟ್, ಅಂದರೆ ಜೀವರಕ್ಷಕ ದೋಣಿ, ನಡೆಸುತ್ತಿದ್ದವರು. ಅಂದು ಕೈಯಲ್ಲಿದ್ದದ್ದು ಮೀಸಲು ದೋಣಿ, ತಾನೂ ಸೇರಿ ಐದೇ ಜನ. ಮತ್ತೆ ಮತ್ತೆ ಹಡಗಿನ ಪಕ್ಕಕ್ಕೆ ದೋಣಿ ನುಗ್ಗಿಸಿ ಎಂಟೂ ಜನರನ್ನು ಇಳಿಸಿಕೊಂಡರು. ಅದಕ್ಕೆ ಚಿನ್ನದ ಪದಕ ಬಂತು. 1966ರಲ್ಲಿ ಇನ್ನೊಂದು ಹಡಗಿಗಾಗಿ ಎರಡನೆಯದು.

ಉಳಿದದ್ದನ್ನು ನಾನು ಮುಟ್ಟಿಲ್ಲ. ಹೋಟೆಲು, ಪಾರ್ಕಿಂಗ್ ವಿವರ ಇದ್ದರೆ ಇರಲಿ. ಲೇಖನವನ್ನು ವಿಲಿಯಮ್ಸನ ಸೂರಿನಿಂದ ಶುರು ಮಾಡಿ, ಮೂರು ಪುಟಕ್ಕೆ ಇಳಿಸಿ, ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ. ಎರಡು ಫೋಟೊ ಸಾಕು. ಪಾದ್ರಿಯ ಸಮಾಧಿಯದು ಒಂದಿರಲಿ. ಪ್ರತಿಮೆಯದು ಕಳಿಸುವುದಾದರೆ ನೀವು ಸ್ವಲ್ಪ ಪಕ್ಕಕ್ಕೆ ಸರಿದು ತೆಗೆಸಿದ್ದು ಇದ್ದರೆ ನೋಡಿ. ಈಗ ಕಳಿಸಿರುವುದರಲ್ಲಿ ಇವಾನ್ಸ್ ಕಾಣಿಸುತ್ತಿಲ್ಲ.